ಅಂಕಗಳು ದೇಶಾಂತರ ಹೊರಟಾಗ

ಮಗುವಿಗೆ ನೂರು ಡಿಗ್ರಿ ಜ್ವರವಿದೆಯೆಂದು ತಾಯಿಯೊಬ್ಬಳು ಹೇಳಿದರೆ ನಮ್ಮ ವೈದ್ಯರು ಗಾಬರಿಗೊಳ್ಳುವುದಿಲ್ಲ. ಒಂದು ಮಾತ್ರೆ ಬರೆದುಕೊಟ್ಟು ಕಳುಹಿಸುತ್ತಾರೆ. ಸೆಲ್ಸಿಯಸ್ ಮಾನವನ್ನಷ್ಟೇ ಬಲ್ಲ ದೇಶದ ವೈದ್ಯರೊಬ್ಬರು ಅದೇ ಮಾತನ್ನು ಕೇಳಿದರೆ ತಬ್ಬಿಬ್ಬಾಗುವರು. ನೂರು ಡಿಗ್ರಿ ಸೆಲ್ಸಿಯಸ್ ಎಂದರೆ ನೀರು ಕುದಿಯುವ ಶಾಖ! ಇಲ್ಲಿ ಮಗುವಿನ ಮೈ ಬದಲಾಗಿಲ್ಲ, ಉಷ್ಣಮಾಪಕವೂ ಸುಳ್ಳು ಹೇಳಿಲ್ಲ. ಒಂದು ಮಾನದ ಸಂಖ್ಯೆ ಇನ್ನೊಂದು ಮಾನದ ನಾಡಿಗೆ ಹೋಗುವಾಗ ಅದರ ಜೊತೆಯಲ್ಲಿ ಹೋಗಬೇಕಾಗಿದ್ದ ವಿವರಣೆ ಹೋಗಲಿಲ್ಲ, ಅಷ್ಟೆ.

ನಮ್ಮ ವಿದ್ಯಾರ್ಥಿಗಳ ಅಂಕಪಟ್ಟಿಗಳು ಹೊರನಾಡಿನ ವಿಶ್ವವಿದ್ಯಾಲಯಗಳಿಗೆ ಹೊರಟಾಗಲೂ ಬಹುಮಟ್ಟಿಗೆ ಇದೇ ನಡೆಯುತ್ತದೆ. ನೂರಕ್ಕೆ ಎಂಬತ್ತು ಬಂದವನು ಜಾಣ, ನಲವತ್ತು ಬಂದವನು ಹೇಗೋ ದಡ ಮುಟ್ಟಿದವನು ಎಂಬುದು ನಮ್ಮಲ್ಲಿ ಹಳ್ಳಿಯ ಅಜ್ಜಿಗೂ ಗೊತ್ತು. ಜರ್ಮನಿಯಲ್ಲಾದರೋ 1 ಎಂಬುದು ಅತ್ಯುತ್ತಮ ದರ್ಜೆ. 4 ಎಂಬುದು ಕೇವಲ ತೇರ್ಗಡೆ. 5 ಎಂದರೆ ನಪಾಸು. ಅಲ್ಲಿಯ ಪ್ರಾಧ್ಯಾಪಕರೊಬ್ಬರ ಮೇಜಿನ ಮೇಲೆ ನಮ್ಮ ಹುಡುಗನ 7.3 ಎಂಬ ಸರಾಸರಿ ಬಂದು ಕುಳಿತರೆ ಅದು ತಾನಾಗಿಯೇ ಏನನ್ನೂ ಹೇಳಲಾರದು. ಯಾರಾದರೂ ಅದನ್ನು ಅಲ್ಲಿಯ ಮಾನಕ್ಕೆ ತಿರುಗಿಸಬೇಕು. ಹೇಗೆ ತಿರುಗಿಸುತ್ತಾರೆ, ತಿರುಗಿಸುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ಹೊರದೇಶಗಳು ಅನೇಕವಿದ್ದರೂ ನಾವು ಜರ್ಮನಿಯೊಂದನ್ನೇ ಆರಿಸಿಕೊಂಡಿದ್ದೇವೆ. ಎಲ್ಲ ದೇಶಗಳ ಮೇಲೂ ಕಣ್ಣಾಡಿಸಹೊರಟರೆ ಯಾವುದೂ ಸರಿಯಾಗಿ ತಿಳಿಯದೆ ಹೋದೀತು.

ಜರ್ಮನಿಯನ್ನು ಆರಿಸಿದುದಕ್ಕೆ ಕಾರಣವೂ ಉಂಟು. 2022–23ರ ಚಳಿಗಾಲದ ಅವಧಿಯಲ್ಲಿ ಅಲ್ಲಿಯ ವಿದೇಶೀ ವಿದ್ಯಾರ್ಥಿಗಳ ಪೈಕಿ ಭಾರತೀಯರ ಸಂಖ್ಯೆ ಚೀನೀಯರ ಸಂಖ್ಯೆಯನ್ನು ಮೀರಿ ಮೊದಲನೆಯ ಸ್ಥಾನಕ್ಕೆ ಬಂದಿತು. ಮರುವರ್ಷ ಅದು ಸುಮಾರು 49,000ಕ್ಕೆ ಏರಿತು. ಈ ಸೆಳೆತದ ಗುಟ್ಟು ಬಹುಪಾಲು ಬೋಧನಾ ಶುಲ್ಕದಲ್ಲಿದೆ, ಅಥವಾ ಅದು ಇಲ್ಲದಿರುವುದರಲ್ಲಿದೆ. ಹಿಂದೆ ಅಲ್ಲಿಯ ಕೆಲವು ರಾಜ್ಯಗಳು ವಿಧಿಸುತ್ತಿದ್ದ ಶುಲ್ಕ 2014ರ ವೇಳೆಗೆ ಎಲ್ಲೆಡೆಯೂ ರದ್ದಾಯಿತು. ಅಂದಿನಿಂದ ಹೆಚ್ಚಿನ ಸರ್ಕಾರೀ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಯು ಪ್ರತಿ ಸೆಮಿಸ್ಟರಿಗೂ ಒಂದು ಸಣ್ಣ ವಂತಿಗೆಯನ್ನು ಮಾತ್ರ ಕಟ್ಟಬೇಕಾಗುತ್ತದೆ. ಆದರೆ ಇದನ್ನು ಇಡೀ ದೇಶದ ನಿಯಮವೆಂದು ತಿಳಿಯುವುದು ತಪ್ಪು. ಬಾಡೆನ್–ವ್ಯುರ್ಟೆಂಬರ್ಗ್ ರಾಜ್ಯವು 2017ರ ಚಳಿಗಾಲದಿಂದ ಯೂರೋಪು ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕವನ್ನು ವಿಧಿಸಿತು. (ಕನ್ನಡ ನಿಘಂಟಿನ ಕಿಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿದ ಟ್ಯೂಬಿಂಗನ್ ವಿಶ್ವವಿದ್ಯಾಲಯವಿರುವುದು ಈ ರಾಜ್ಯದಲ್ಲಿಯೇ.) ಮ್ಯೂನಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯವು 2024ರ ಚಳಿಗಾಲದಿಂದ ಇಂತಹ ಹೊಸ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 2,000ದಿಂದ 6,000 ಯೂರೊವರೆಗೆ ಶುಲ್ಕವನ್ನು ಗೊತ್ತುಮಾಡಿತು. ಆದುದರಿಂದ ‘ಜರ್ಮನಿಯಲ್ಲಿ ಓದು ಪುಕ್ಕಟೆ’ ಎಂಬ ಮಾತನ್ನು ಕೇಳಿದಾಗ ಯಾವ ರಾಜ್ಯ, ಯಾವ ವಿಶ್ವವಿದ್ಯಾಲಯ ಎಂದು ಮರುಪ್ರಶ್ನೆ ಹಾಕುವುದು ಲೇಸು.

ನಮಗೆ ಪರಿಚಿತನಾದ ಒಬ್ಬ ವಿದ್ಯಾರ್ಥಿಯ ಅನುಭವವನ್ನು ಇಲ್ಲಿ ಹೇಳಿದರೆ ವಿಷಯ ಸ್ಪಷ್ಟವಾಗುವುದು. ಮಲೆನಾಡಿನ ಕಡೆಯ ಹುಡುಗ. ತಂದೆಗೆ ಎರಡು ಎಕರೆ ಅಡಿಕೆ ತೋಟ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಐಚ್ಛಿಕವಾಗಿ ತೆಗೆದುಕೊಂಡು ಬಿ.ಎಸ್‌ಸಿ. ಮುಗಿಸಿದ್ದ. ಹತ್ತಕ್ಕೆ 7.3 ಸರಾಸರಿ. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಲು ಜರ್ಮನಿಗೆ ಹೋಗಬೇಕೆಂಬ ಹಂಬಲ. ಪೇಟೆಯ ಏಜೆಂಟರೊಬ್ಬರ ಕೈಗೆ ಕಾಗದಪತ್ರಗಳನ್ನೂ ಹಣವನ್ನೂ ಒಪ್ಪಿಸಿದ. ಅವರು ಒಂದೇ ಪತ್ರವನ್ನು ಐದು ಪ್ರತಿಮಾಡಿ ಐದು ವಿಶ್ವವಿದ್ಯಾಲಯಗಳಿಗೆ ರವಾನಿಸಿದರು. ಕೆಲವು ತಿಂಗಳುಗಳ ಮೇಲೆ ಐದು ಕಡೆಯಿಂದಲೂ ನಿರಾಕರಣೆ ಬಂದಿತು. ಮೂವರು ‘ವಿಷಯದ ವ್ಯಾಸಂಗ ಸಾಲದು’ ಎಂದಿದ್ದರು. ಇಬ್ಬರು ‘ದರ್ಜೆ 2.5ರ ಮಿತಿಯೊಳಗೆ ಬಂದಿಲ್ಲ’ ಎಂದಿದ್ದರು. ಹುಡುಗ ಆ ಪತ್ರಗಳನ್ನು ಹಿಡಿದು ನಮ್ಮ ಬಳಿಗೆ ಬಂದ. ತನ್ನ ತರಗತಿಯಲ್ಲಿ ಮೂರನೆಯವನಾಗಿದ್ದವನು ತಾನು. ಯಾವುದು ಸಾಲದು, ಎಲ್ಲಿ ಸಾಲದು ಎಂಬುದೇ ಅವನಿಗೆ ತಿಳಿಯದಾಗಿತ್ತು. ಏಜೆಂಟರಿಗೂ ತಿಳಿದಿರಲಿಲ್ಲ.

ಮೊದಲು ದರ್ಜೆಯ ಸಂಗತಿಯನ್ನು ನೋಡೋಣ. ವಿದೇಶೀ ಅಂಕಗಳನ್ನು ಜರ್ಮನ್ ದರ್ಜೆಗೆ ತಿರುಗಿಸಲು ಅಲ್ಲಿಯ ವಿಶ್ವವಿದ್ಯಾಲಯಗಳು ಬಹುವಾಗಿ ಬಳಸುವುದು ‘ಮಾರ್ಪಡಿಸಿದ ಬವೇರಿಯ ಸೂತ್ರ’ ಎಂಬುದನ್ನು. ಹೆಸರು ಗಂಭೀರವಾಗಿದ್ದರೂ ಹೈಸ್ಕೂಲಿನ ಗಣಿತಕ್ಕಿಂತ ಮಿಗಿಲಾದುದು ಅದರಲ್ಲಿ ಏನೂ ಇಲ್ಲ:

ಜರ್ಮನ್ ದರ್ಜೆ = 1 + 3 × (ಗರಿಷ್ಠ ಅಂಕ − ಗಳಿಸಿದ ಅಂಕ) ÷ (ಗರಿಷ್ಠ ಅಂಕ − ತೇರ್ಗಡೆಯ ಅಂಕ)

ಉಷ್ಣಮಾಪಕವನ್ನು ತಯಾರಿಸುವ ಬಗೆಯನ್ನು ನೆನಪಿಗೆ ತಂದುಕೊಂಡರೆ ಇದರ ಮರ್ಮ ತಾನಾಗಿಯೇ ಹೊಳೆಯುತ್ತದೆ. ಗಾಜಿನ ನಳಿಕೆಯನ್ನು ಕರಗುವ ಮಂಜುಗಡ್ಡೆಯಲ್ಲಿಟ್ಟು ಒಂದು ಗೆರೆ, ಕುದಿಯುವ ನೀರಿನ ಹಬೆಯಲ್ಲಿಟ್ಟು ಇನ್ನೊಂದು ಗೆರೆ ಹಾಕುತ್ತಾರಷ್ಟೆ, ಇವೇ ಸ್ಥಿರಬಿಂದುಗಳು. ನಡುವಣ ಅಂತರವನ್ನು ಸಮನಾಗಿ ಭಾಗಿಸಿದರೆ ಅಳತೆ ಸಿದ್ಧವಾಯಿತು. ಇಲ್ಲಿಯೂ ಎರಡು ಸ್ಥಿರಬಿಂದುಗಳಿವೆ. ನಮ್ಮ ಗರಿಷ್ಠ ಅಂಕವು ಅವರ 1ಕ್ಕೆ ಸಮ. ನಮ್ಮ ತೇರ್ಗಡೆಯ ಅಂಕವು ಅವರ 4ಕ್ಕೆ ಸಮ. ಇವೆರಡರ ನಡುವೆ ಒಂದು ಸರಳರೇಖೆಯನ್ನು ಎಳೆದು, ವಿದ್ಯಾರ್ಥಿಯ ಅಂಕ ಎಲ್ಲಿ ಬೀಳುತ್ತದೆಂದು ನೋಡುತ್ತಾರೆ.

ಹೀಗಿರಲು, ನಮ್ಮ ಹುಡುಗನ 7.3 ಏನಾಗುತ್ತದೆ? ಅವನ ವಿಶ್ವವಿದ್ಯಾಲಯದಲ್ಲಿ ತೇರ್ಗಡೆಗೆ ಹತ್ತಕ್ಕೆ 4 ಸಾಕಾಗಿತ್ತು. ಗರಿಷ್ಠ 10ರಲ್ಲಿ 7.3 ಕಳೆದರೆ 2.7, 10ರಲ್ಲಿ 4 ಕಳೆದರೆ 6. ಭಾಗಿಸಿದರೆ 0.45, ಮೂರರಿಂದ ಗುಣಿಸಿದರೆ 1.35, ಒಂದನ್ನು ಕೂಡಿಸಿದರೆ 2.35. ಜರ್ಮನ್ ಮಾನದಲ್ಲಿ ಸಂಖ್ಯೆ ಕಡಮೆಯಾದಷ್ಟೂ ಒಳ್ಳೆಯದೆಂಬುದನ್ನು ಮರೆಯಬಾರದು. 2.5ರ ಮಿತಿಯೊಳಗೆ ಅವನು ಹಾಯಾಗಿ ಬರಬೇಕಾಗಿತ್ತು. ಆದರೆ ಅವನ ಅಂಕಪಟ್ಟಿಯಲ್ಲಿ ತೇರ್ಗಡೆಯ ಅಂಕ ಎಷ್ಟೆಂದು ಎಲ್ಲಿಯೂ ಅಚ್ಚಾಗಿರಲಿಲ್ಲ. ಏಜೆಂಟರು ಅರ್ಜಿಯ ಆ ಜಾಗದಲ್ಲಿ 5 ಎಂದು ತುಂಬಿದ್ದರು. ಬೇರೆ ಯಾವುದೋ ವಿಶ್ವವಿದ್ಯಾಲಯದ ರೂಢಿ ಅವರ ಮನಸ್ಸಿನಲ್ಲಿದ್ದಿರಬೇಕು. ಛೇದವು 6ರಿಂದ 5ಕ್ಕೆ ಇಳಿಯಿತು. 2.7ನ್ನು 5ರಿಂದ ಭಾಗಿಸಿದರೆ 0.54, ದರ್ಜೆ 2.62. ಹುಡುಗನ ಓದಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಿಲ್ಲ. ಕೆಳಗಣ ಸ್ಥಿರಬಿಂದುವನ್ನು ಮೇಲಕ್ಕೆ ಸರಿಸಿದುದರಿಂದ ಅವನು ಬಾಗಿಲ ಹೊರಗುಳಿದ.

ವಾಚಕರು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿರಬಹುದು. ತೇರ್ಗಡೆಗೆ ಐವತ್ತು ಬೇಕೆನ್ನುವ ವಿಶ್ವವಿದ್ಯಾಲಯ ನಲವತ್ತು ಸಾಕೆನ್ನುವುದಕ್ಕಿಂತ ಕಟ್ಟುನಿಟ್ಟಾದುದು ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೂ ಎರಡು ಕಡೆ ಒಂದೇ ಅಂಕ ಪಡೆದ ಇಬ್ಬರಲ್ಲಿ, ಕಟ್ಟುನಿಟ್ಟಿನ ಕಡೆಯವನಿಗೇ ಸೂತ್ರವು ಕೀಳು ದರ್ಜೆಯನ್ನು ಕೊಡುತ್ತದೆ! ಇದು ಅನ್ಯಾಯವೆಂದು ತೋರಬಹುದು. ಆದರೆ ಸೂತ್ರವು ಕೇಳುವ ಪ್ರಶ್ನೆ ಬೇರೆ. ‘ಪ್ರಶ್ನೆಪತ್ರಿಕೆ ಎಷ್ಟು ಕಠಿನ’ ಎಂದು ಅದು ಕೇಳುವುದಿಲ್ಲ, ಕೇಳಲು ಅದಕ್ಕೆ ದಾರಿಯೂ ಇಲ್ಲ. ಶಿಖರಕ್ಕೂ ಹೊಸ್ತಿಲಿಗೂ ನಡುವೆ ಇರುವ ಏಣಿಯಲ್ಲಿ ನೀನು ಎಷ್ಟನೆಯ ಮೆಟ್ಟಿಲಿನಲ್ಲಿ ನಿಂತಿರುವೆ ಎಂಬುದಷ್ಟೇ ಅದರ ಪ್ರಶ್ನೆ. ಏಣಿ ಚಿಕ್ಕದಾದರೆ, ಶಿಖರದಿಂದ ಅದೇ ದೂರದಲ್ಲಿ ನಿಂತವನು ಹೊಸ್ತಿಲಿಗೆ ಹತ್ತಿರವಾಗಿ ಕಾಣುತ್ತಾನೆ.

ಉಷ್ಣಮಾಪಕದ ಹೋಲಿಕೆಯನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಪಾದರಸದ ಮಾಪಕವನ್ನೂ ಬೇರೊಂದು ದ್ರವದ ಮಾಪಕವನ್ನೂ ಅವೇ ಎರಡು ಸ್ಥಿರಬಿಂದುಗಳಲ್ಲಿ ಗುರುತುಮಾಡಿ ನಡುವೆ ಸಮನಾಗಿ ಭಾಗಿಸಿದರೆ, ಆ ಎರಡು ತುದಿಗಳಲ್ಲಿ ಅವು ಒಪ್ಪುತ್ತವೆ. ನಡುವೆ ಮಾತ್ರ ತುಸು ಭಿನ್ನವಾಗಿ ತೋರಿಸುತ್ತವೆ. ದ್ರವಗಳು ಒಂದೇ ಸಮನೆ ಹಿಗ್ಗುವುದಿಲ್ಲವಾದುದೇ ಇದಕ್ಕೆ ಕಾರಣ. ಅಂಕಗಳೂ ಹೀಗೆಯೇ. ಕೆಲವು ವಿಭಾಗಗಳಲ್ಲಿ ತೊಂಬತ್ತೈದು ಬರುವುದು ವರ್ಷವರ್ಷದ ಮಾತು. ಇನ್ನು ಕೆಲವು ಕಡೆ ಎಪ್ಪತ್ತೈದನ್ನು ದಾಟಿದವರನ್ನು ಹತ್ತು ವರ್ಷಗಳಲ್ಲಿ ಯಾರೂ ಕಂಡಿರುವುದಿಲ್ಲ. ಅಂತಹ ಕಡೆ ಎಪ್ಪತ್ತು ತೆಗೆದವನು ನಿಜವಾಗಿ ಮೇಲಣ ತುದಿಯಲ್ಲಿದ್ದರೂ ಸೂತ್ರದ ದೃಷ್ಟಿಯಲ್ಲಿ ಅವನು ನಡುವೆಯೇ ನೇತಾಡುತ್ತಿರುತ್ತಾನೆ. ಇದಕ್ಕೆ ಪರಿಹಾರವೇನು? ಸೂತ್ರವನ್ನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ತರಗತಿಯಲ್ಲಿ ಎಷ್ಟು ಮಂದಿಯ ಪೈಕಿ ಎಷ್ಟನೆಯವನು ಎಂಬ ಪ್ರಮಾಣಪತ್ರವನ್ನು ಕಾಲೇಜಿನಿಂದ ಬರೆಸಿಕೊಂಡು ಅರ್ಜಿಯ ಜೊತೆಗೆ ಇಡಬಹುದು. ನಮ್ಮ ಹುಡುಗ ತರಗತಿಯಲ್ಲಿ ಮೂರನೆಯವನೆಂಬುದು ಅವನ ಅರ್ಜಿಯ ಯಾವ ಹಾಳೆಯಲ್ಲಿಯೂ ಇರಲಿಲ್ಲ. ಅಲ್ಲಿಯ ಎಲ್ಲ ವಿಶ್ವವಿದ್ಯಾಲಯಗಳೂ ಕಣ್ಣುಮುಚ್ಚಿ ಸೂತ್ರವನ್ನೇ ನಂಬುತ್ತವೆಂದಲ್ಲ, ಓದುವವರು ಮನುಷ್ಯರೇ. ಆದರೆ ಕಾಗದದಲ್ಲಿ ಇಲ್ಲದುದನ್ನು ಅವರು ಊಹಿಸಿಕೊಳ್ಳಲಾರರು.

ಇನ್ನು ಮೂವರು ಹೇಳಿದ ಎರಡನೆಯ ಕಾರಣ. ಇದು ಕನ್ನಡನಾಡಿನ ಬಿ.ಎಸ್‌ಸಿ. ವಿದ್ಯಾರ್ಥಿಗಳನ್ನು ವಿಶೇಷವಾಗಿ ತಟ್ಟುವ ವಿಷಯವಾದುದರಿಂದ ತಡೆದು ನಿಂತು ನೋಡಬೇಕಾಗಿದೆ. ಯೂರೋಪಿನಲ್ಲಿ ವ್ಯಾಸಂಗವನ್ನು ಅಳೆಯುವುದು ಇ.ಸಿ.ಟಿ.ಎಸ್. ಎಂಬ ಕ್ರೆಡಿಟ್‌ಗಳಲ್ಲಿ. ಇದು ಜಾಣತನದ ಅಳತೆಯಲ್ಲ, ದುಡಿಮೆಯ ಅಳತೆ. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಕೆಲಸ. ಪಾಠ ಕೇಳಿದುದು, ಪ್ರಯೋಗ ಮಾಡಿದುದು, ಮನೆಯಲ್ಲಿ ಕುಳಿತು ಓದಿದುದು ಎಲ್ಲವೂ ಇದರಲ್ಲಿ ಸೇರುತ್ತದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ 30 ಗಂಟೆ ಹಿಡಿಯುತ್ತಾರೆ. ವರ್ಷಕ್ಕೆ 60 ಕ್ರೆಡಿಟ್. ಮೂರು ವರ್ಷದ ಪದವಿಗೆ 180. ಭೌತಶಾಸ್ತ್ರದಲ್ಲಿ ಪದವಿ ಪಡೆಯುವ ಜರ್ಮನ್ ವಿದ್ಯಾರ್ಥಿಯ 180ರಲ್ಲಿ ಸಿಂಹಪಾಲು ಭೌತಶಾಸ್ತ್ರ ಮತ್ತು ಅದಕ್ಕೆ ಬೇಕಾದ ಗಣಿತ.

ನಮ್ಮ ಹುಡುಗನದನ್ನು ಎಣಿಸಿ ನೋಡೋಣ. ವಾರಕ್ಕೆ ಭೌತಶಾಸ್ತ್ರದ ಪಾಠ ನಾಲ್ಕು ಗಂಟೆ, ಪ್ರಯೋಗ ನಾಲ್ಕು ಗಂಟೆ ಎಂದಿಟ್ಟುಕೊಳ್ಳೋಣ. ಹದಿನೈದು ವಾರಗಳ ಸೆಮಿಸ್ಟರಿಗೆ 120 ಗಂಟೆ. ಆರು ಸೆಮಿಸ್ಟರಿಗೆ 720. ಅಷ್ಟೇ ಹೊತ್ತು ಮನೆಯಲ್ಲಿ ಓದಿದನೆಂದು ಉದಾರವಾಗಿ ಒಪ್ಪಿದರೆ 1,440. ಮೂವತ್ತರಿಂದ ಭಾಗಿಸಿದರೆ 48 ಕ್ರೆಡಿಟ್. ಮಿಕ್ಕ ವೇಳೆ ರಸಾಯನಶಾಸ್ತ್ರಕ್ಕೆ, ಗಣಿತಕ್ಕೆ, ಭಾಷೆಗಳಿಗೆ ಹೋಗಿದೆ. ಅವನನ್ನು ನಿರಾಕರಿಸಿದ ವಿಭಾಗಗಳು ಕೇಳಿದ್ದುದು ಇದರ ಸುಮಾರು ಇಮ್ಮಡಿ. ಹುಡುಗ ದಡ್ಡನೆಂದು ಅವರು ಹೇಳಿರಲಿಲ್ಲ. ಮೂರು ವಿಷಯಗಳಿಗೆ ಹಂಚಿಹೋದ ಮೂರು ವರ್ಷದಲ್ಲಿ ಒಂದು ವಿಷಯಕ್ಕೆ ದೊರೆತ ವೇಳೆ ಸಾಲದೆಂದು ಹೇಳಿದ್ದರು. ಇದೊಂದು ಸರಳವಾದ ಭಾಗಾಕಾರ. ಅರ್ಜಿ ಹಾಕುವ ಮೊದಲೇ ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಬಹುದಾಗಿದ್ದುದು.

ಮೂರು ವಿಷಯಗಳ ನಮ್ಮ ಪದವಿ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಒಂದೇ ವಿಷಯಕ್ಕೆ ಕಟ್ಟುಬೀಳದೆ ಮೂರನ್ನೂ ಸವಿದು ನೋಡುವುದರಲ್ಲಿ ಲಾಭವಿದೆಯೆಂದೇ ನಮ್ಮ ಅಭಿಪ್ರಾಯ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯ ಏರ್ಪಾಡು ಬಂದು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದುದು ವಾಚಕರಿಗೆ ತಿಳಿದೇ ಇದೆ. ಹೀಗೆ ಏರ್ಪಾಡುಗಳು ಬದಲಾಗುತ್ತಿರುವಾಗ, ತಾನು ಓದಿದ ವರ್ಷದ ಪಠ್ಯಕ್ರಮದ ಪ್ರತಿಯನ್ನು ವಿದ್ಯಾರ್ಥಿಯು ಜೋಪಾನವಾಗಿ ಇಟ್ಟುಕೊಳ್ಳುವುದು ಇನ್ನೂ ಅವಶ್ಯಕವಾಗುತ್ತದೆ. ಜರ್ಮನಿಯ ಪ್ರತಿಯೊಂದು ವಿಭಾಗವೂ ತನ್ನ ಪಾಠಗಳ ವಿವರವನ್ನು ಒಂದು ಕೈಪಿಡಿಯಾಗಿ ಪ್ರಕಟಿಸುತ್ತದೆ: ಯಾವ ಪಾಠ, ಎಷ್ಟು ಗಂಟೆ, ಏನು ವಿಷಯ ಎಂದು. ಅದನ್ನು ಒಂದು ಕೈಯಲ್ಲಿ, ನಮ್ಮ ಪಠ್ಯಕ್ರಮವನ್ನು ಇನ್ನೊಂದು ಕೈಯಲ್ಲಿ ಹಿಡಿದು ಪಾಠಕ್ಕೆ ಪಾಠ ತಾಳೆ ನೋಡಬೇಕು. ನಮ್ಮ ಅಂಕಪಟ್ಟಿಯಲ್ಲಿ ‘ಭೌತಶಾಸ್ತ್ರ – 5ನೆಯ ಪತ್ರಿಕೆ’ ಎಂದಿರುತ್ತದೆ. ಅದು ಕ್ವಾಂಟಮ್ ಬಲವಿಜ್ಞಾನವೋ, ದ್ಯುತಿವಿಜ್ಞಾನವೋ ಎಂಬುದು ದೇವರಿಗೂ ಪರೀಕ್ಷಾ ಮಂಡಳಿಗೂ ಮಾತ್ರ ಗೊತ್ತು. ಅದನ್ನು ಬಿಡಿಸಿ ಹೇಳುವ ಹೊಣೆ ಅರ್ಜಿದಾರನದು.

ಕಾಲದ ವಿಷಯವನ್ನು ಬೇಗನೆ ಹೇಳಿಬಿಡೋಣ. ಅಲ್ಲಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಪ್ರಾರಂಭವಾಗುತ್ತದೆ. ಅರ್ಜಿಯ ಕೊನೆಯ ದಿನ ಅನೇಕ ಕಡೆ ಜುಲೈ 15. ವಿದೇಶೀ ವಿದ್ಯಾರ್ಥಿಗಳಿಗಾಗಿ ಅದಕ್ಕಿಂತ ತಿಂಗಳುಗಟ್ಟಲೆ ಮೊದಲೇ ಬಾಗಿಲು ಮುಚ್ಚುವ ವಿಭಾಗಗಳೂ ಇವೆ. ನಮ್ಮ ಕೊನೆಯ ಸೆಮಿಸ್ಟರಿನ ಫಲಿತಾಂಶಕ್ಕೆ ಕಾಯುತ್ತ ಕುಳಿತರೆ ವರ್ಷ ಕೈಬಿಟ್ಟುಹೋಗುತ್ತದೆ. ಅದುವರೆಗಿನ ಅಂಕಗಳೊಡನೆ ಅರ್ಜಿ ಹಾಕಲು ಅವಕಾಶವಿದೆಯೇ ಎಂದು ಮೊದಲೇ ತಿಳಿದುಕೊಳ್ಳಬೇಕು. ಇದರ ಜೊತೆಗೆ 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎ.ಪಿ.ಎಸ್. ಎಂಬ ಪ್ರಮಾಣಪತ್ರವನ್ನು ವೀಸಾಕ್ಕಾಗಿ ಕಡ್ಡಾಯ ಮಾಡಲಾಯಿತು. ಅಂಕಪಟ್ಟಿಗಳು ಅಸಲಿಯೇ ಎಂದು ಪರೀಕ್ಷಿಸಿ ಕೊಡುವ ಪತ್ರವಿದು. ಖೋಟಾ ಅಂಕಪಟ್ಟಿಗಳ ಹಾವಳಿಯಿಲ್ಲದಿದ್ದರೆ ಇದರ ಅಗತ್ಯವೇ ಇರುತ್ತಿರಲಿಲ್ಲ. ಯಾರೋ ಮಾಡಿದ ಪಾಪಕ್ಕೆ ಪ್ರಾಮಾಣಿಕರೂ ವಾರಗಟ್ಟಲೆ ಕಾಯಬೇಕಾಗಿ ಬಂದಿದೆ. ಆದುದರಿಂದ ಪದವಿಯ ಕೊನೆಯ ವರ್ಷ ಆರಂಭವಾಗುತ್ತಲೇ ಈ ಕೆಲಸಕ್ಕೆ ತೊಡಗುವುದು ಮೇಲು.

ಅಂಕಗಳನ್ನೂ ಗಂಟೆಗಳನ್ನೂ ಎಣಿಸಿ ಮುಗಿಸಿದ ಮೇಲೆ ಉಳಿಯುವುದು ವಿದ್ಯಾರ್ಥಿಯು ತಾನೇ ಬರೆಯಬೇಕಾದ ಪತ್ರ. ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂದು ಆರಂಭವಾಗುವ ಪತ್ರಗಳನ್ನು ನಾವು ಎಷ್ಟು ಓದಿದ್ದೇವೆಯೋ ಲೆಕ್ಕವಿಲ್ಲ. ನಮ್ಮ ಹುಡುಗನ ಪರವಾಗಿ ಏಜೆಂಟರು ಬರೆದುದೂ ಇದೇ ವಾಕ್ಯದಿಂದ ಆರಂಭವಾಗಿತ್ತು. ಆಸಕ್ತಿಯಿಲ್ಲದವನು ಅರ್ಜಿಯನ್ನೇಕೆ ಹಾಕುತ್ತಾನೆ? ಅಪರಿಚಿತನೊಬ್ಬ ಇನ್ನೊಬ್ಬ ಅಪರಿಚಿತನಿಗೆ ಹೇಗೆ ಬರೆಯಬೇಕೆಂಬುದಕ್ಕೆ ಭಾರತದ ವಿಜ್ಞಾನದ ಇತಿಹಾಸದಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. ಅದು ಜರ್ಮನಿಗೇ ಹೋದ ಪತ್ರ.

1924ರ ಜೂನ್ 4ರಂದು ಢಾಕಾ ವಿಶ್ವವಿದ್ಯಾಲಯದಿಂದ ಸತ್ಯೇಂದ್ರನಾಥ ಬೋಸರು ಬರ್ಲಿನ್ನಿನಲ್ಲಿದ್ದ ಐನ್‌ಸ್ಟೈನರಿಗೆ ಒಂದು ಪತ್ರ ಬರೆದರು. ಬೋಸರಿಗೆ ಆಗ ಮೂವತ್ತು ವಯಸ್ಸು. ಡಾಕ್ಟರೇಟ್ ಪದವಿ ಇರಲಿಲ್ಲ. ಯೂರೋಪಿನಲ್ಲಿ ಅವರ ಹೆಸರನ್ನು ಬಲ್ಲವರು ಇಲ್ಲವೆಂದೇ ಹೇಳಬೇಕು. ಪತ್ರ ಚಿಕ್ಕದು. ತಾವು ಸಂಪೂರ್ಣ ಅಪರಿಚಿತರೆಂಬುದನ್ನು ಅವರು ಮರೆಮಾಚಲಿಲ್ಲ, ಅದಕ್ಕಾಗಿ ಸಂಕೋಚಪಡಲೂ ಇಲ್ಲ. ತಮ್ಮ ಶೀಲ, ಶ್ರದ್ಧೆಗಳ ವರ್ಣನೆಯ ಗೋಜಿಗೂ ಹೋಗಲಿಲ್ಲ. ಪ್ಲಾಂಕರ ವಿಕಿರಣ ನಿಯಮದಲ್ಲಿ ಬರುವ ಒಂದು ಗುಣಾಂಕವನ್ನು ಹಳೆಯ ವಿದ್ಯುತ್ ಸಿದ್ಧಾಂತದ ನೆರವಿಲ್ಲದೆ ಪಡೆದಿರುವುದಾಗಿ ತಿಳಿಸಿ, ಲೇಖನವನ್ನು ಜೊತೆಗಿಟ್ಟರು. ಅದನ್ನು ಅನುವಾದಮಾಡುವಷ್ಟು ಜರ್ಮನ್ ತಮಗೆ ಬಾರದೆಂದು ಒಪ್ಪಿಕೊಂಡು, ಯೋಗ್ಯವೆನಿಸಿದರೆ ಪ್ರಕಟಣೆಗೆ ಏರ್ಪಡಿಸಬೇಕೆಂದು ಕೋರಿದರು. ಐನ್‌ಸ್ಟೈನರು ತಾವೇ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದರು. ಇಂದು ಬೋಸ್–ಐನ್‌ಸ್ಟೈನ್ ಸಂಖ್ಯಾಕಲನವೆಂದು ನಾವು ಓದುವುದು ಆ ಲೇಖನದಿಂದ ಹುಟ್ಟಿದುದು. ಐನ್‌ಸ್ಟೈನರು ಮೆಚ್ಚಿ ಬರೆದ ಒಂದು ಅಂಚೆಕಾರ್ಡನ್ನು ತೋರಿಸಿದುದರಿಂದ ಬೋಸರಿಗೆ ಎರಡು ವರ್ಷದ ರಜೆಯೂ ಯೂರೋಪು ಪ್ರಯಾಣದ ಅನುಕೂಲವೂ ದೊರೆತವು. ಜರ್ಮನಿಯ ದೂತಕಚೇರಿಯು ಆ ಕಾರ್ಡನ್ನು ನೋಡಿ ಶುಲ್ಕವಿಲ್ಲದೆಯೇ ವೀಸಾ ಕೊಟ್ಟಿತೆಂದು ಬೋಸರು ಮುಂದೆ ನೆನೆಯುತ್ತಿದ್ದುದುಂಟು.

ಎಲ್ಲರೂ ಬೋಸರಾಗಲಾರರು. ಆದರೆ ಆ ಪತ್ರದ ಕ್ರಮ ಎಲ್ಲರಿಗೂ ಒದಗುವಂತಹುದು: ಓದುವವನು ಸ್ವತಃ ಪರಿಶೀಲಿಸಿ ನೋಡಬಹುದಾದ ಒಂದು ಕೆಲಸವನ್ನು ಮುಂದಿಡುವುದು. ಬಿ.ಎಸ್‌ಸಿ. ವಿದ್ಯಾರ್ಥಿಯ ಬಳಿ ಅಂತಹುದೇನಿರುತ್ತದೆ ಎಂದರೆ, ಇರುತ್ತದೆ. ಲೋಲಕದಿಂದ ಗುರುತ್ವದ ಬೆಲೆಯನ್ನು ಅಳೆದಾಗ ಉತ್ತರ 9.4 ಬಂದಿತು, ತಪ್ಪು ಎಲ್ಲಿಯದೆಂದು ಹುಡುಕಿದಾಗ ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ಮೇಲ್ಭಾಗದವರೆಗೆ ಅಳೆದುದು ಕಂಡಿತು. ಇಂತಹ ನಾಲ್ಕು ಸಾಲು ‘ಅಪಾರ ಆಸಕ್ತಿ’ಯ ಎರಡು ಪುಟಗಳಿಗಿಂತ ಹೆಚ್ಚು ತೂಗುತ್ತದೆ. ಅಧ್ಯಾಪಕರು ಕೊಡುವ ಶಿಫಾರಸು ಪತ್ರಕ್ಕೂ ಇದೇ ಮಾತು. ‘ಈತನು ವಿನಯಶೀಲನೂ ಸತ್ಶೀಲನೂ ಆಗಿರುತ್ತಾನೆ’ ಎಂಬ ಒಕ್ಕಣೆ ಮದುವೆಯ ಸಂಬಂಧಕ್ಕೆ ತಕ್ಕುದಾದೀತು, ಭೌತಶಾಸ್ತ್ರ ವಿಭಾಗಕ್ಕಲ್ಲ. ಅಧ್ಯಾಪಕರ ಮೇಲೆ ನಾವು ದೋಷ ಹೊರಿಸುತ್ತಿಲ್ಲ. ನೂರೈವತ್ತು ಮಂದಿಯ ತರಗತಿಯಲ್ಲಿ ಒಬ್ಬೊಬ್ಬನನ್ನೂ ನೆನಪಿಟ್ಟುಕೊಳ್ಳುವುದು ಸುಲಭವಲ್ಲ. ವಿದ್ಯಾರ್ಥಿಯೇ ತಾನು ಮಾಡಿದ ಪ್ರಯೋಗ, ಬರೆದ ವರದಿಗಳನ್ನು ಮುಂದಿಟ್ಟು ಅವರಿಗೆ ನೆನಪು ಮಾಡಿಕೊಡುವುದರಲ್ಲಿ ಅವಿನಯವೇನೂ ಇಲ್ಲ.

ಹಣದ ಮಾತಿಗೆ ಬರೋಣ. ಮನೆಮಂದಿಯ ನಿದ್ರೆ ಕೆಡಿಸುವುದು ಇದೇ. ಬೋಧನಾ ಶುಲ್ಕವಿಲ್ಲದ ಕಡೆಯೂ, ಒಂದು ವರ್ಷದ ಜೀವನ ವೆಚ್ಚಕ್ಕೆ ಬೇಕಾದ ಹಣ ತನ್ನಲ್ಲಿದೆಯೆಂದು ವಿದ್ಯಾರ್ಥಿಯು ವೀಸಾಕ್ಕೆ ಮುನ್ನ ತೋರಿಸಬೇಕು. ಸಾಮಾನ್ಯವಾಗಿ ಇದನ್ನು ಒಂದು ತಡೆಖಾತೆಯಲ್ಲಿ ಮುಂಗಡವಾಗಿ ಇಡುತ್ತಾರೆ. 2024ರ ಸೆಪ್ಟೆಂಬರಿನಿಂದ ಈ ಮೊತ್ತವನ್ನು ವರ್ಷಕ್ಕೆ 11,904 ಯೂರೊ ಎಂದು ಗೊತ್ತುಮಾಡಲಾಯಿತು; ತಿಂಗಳಿಗೆ 992ರಂತೆ. ಯೂರೊ ಒಂದಕ್ಕೆ ನೂರು ರೂಪಾಯಿಯಂತೆ ಹಿಡಿದರೆ ಹತ್ತಿರಹತ್ತಿರ ಹನ್ನೆರಡು ಲಕ್ಷ. ಇದು ಆಗಾಗ ಏರುವ ಮೊತ್ತವಾದುದರಿಂದ ಹೊರಡುವ ವರ್ಷದ ಅಂಕಿಯನ್ನು ದೂತಕಚೇರಿಯ ಪ್ರಕಟಣೆಯಲ್ಲಿಯೇ ನೋಡಬೇಕು. ಇದು ಶುಲ್ಕವಲ್ಲ, ಯಾರಿಗೂ ಕೊಡುವ ಹಣವೂ ಅಲ್ಲ. ವಿದ್ಯಾರ್ಥಿಯ ಸ್ವಂತದ್ದು, ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ಅವನ ಕೈಗೇ ಬರುತ್ತದೆ. ಆದರೆ ಸಾಲ ತಂದು ಇಟ್ಟ ಹಣವಾದರೆ ಅದರ ಬಡ್ಡಿ ಅಂದಿನಿಂದಲೇ ಓಡತೊಡಗುತ್ತದೆ. ನೂರಕ್ಕೆ ಹತ್ತರಂತೆ ಹನ್ನೆರಡು ಲಕ್ಷಕ್ಕೆ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ವಿದೇಶೀ ವಿದ್ಯಾರ್ಥಿಗಳು ವರ್ಷದಲ್ಲಿ 140 ಪೂರ್ಣ ದಿನಗಳು ಕೆಲಸಮಾಡಬಹುದೆಂದು 2024ರ ಮಾರ್ಚಿನಲ್ಲಿ ನಿಯಮವನ್ನು ಸಡಿಲಿಸಿದರು. ಹಾಗೆಂದು ಗಳಿಕೆಯನ್ನೇ ನೆಚ್ಚಿ ಹೊರಡುವುದು ವಿವೇಕವಲ್ಲ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ಇರುಳು ಕ್ವಾಂಟಮ್ ಸಿದ್ಧಾಂತ ಓದುವವನು ಎರಡರಲ್ಲಿ ಒಂದನ್ನು ಕೆಡಿಸಿಕೊಳ್ಳುತ್ತಾನೆ, ಹೆಚ್ಚಾಗಿ ಎರಡನೆಯದನ್ನು.

ಅರ್ಜಿಯ ವೆಚ್ಚ ಇದಕ್ಕೆ ಹೋಲಿಸಿದರೆ ಅಲ್ಪ. ಅನೇಕ ವಿಶ್ವವಿದ್ಯಾಲಯಗಳ ಪರವಾಗಿ ವಿದೇಶೀ ಅರ್ಜಿಗಳನ್ನು ಪರಿಶೀಲಿಸುವ ಯೂನಿ–ಅಸಿಸ್ಟ್ ಎಂಬ ಸಂಸ್ಥೆಗೆ ನಮ್ಮ ಹುಡುಗನು ಒಂದು ಸೆಮಿಸ್ಟರಿನ ಮೊದಲನೆಯ ಅರ್ಜಿಗೆ 75 ಯೂರೊ, ಉಳಿದ ನಾಲ್ಕಕ್ಕೆ ತಲಾ 30 ಯೂರೊ ಕೊಟ್ಟಿದ್ದ; ಐದಕ್ಕೂ ಸೇರಿ 195. ಏಜೆಂಟರಿಗೆ ಕೊಟ್ಟುದು ಅದರ ಹಲವು ಪಾಲು. ತಿಳಿವಳಿಕೆಗಾಗಿ ಹಣ ಕೊಡಬೇಕಾದ ಅಗತ್ಯವೇ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಅರಿಯಬೇಕು. 1925ರಲ್ಲಿ ಸ್ಥಾಪಿತವಾದ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ, ಎಂದರೆ ಡಿ.ಎ.ಎ.ಡಿ., ಅಲ್ಲಿಯ ವ್ಯಾಸಂಗಗಳ ಪಟ್ಟಿಯನ್ನೂ ವಿದ್ಯಾರ್ಥಿವೇತನಗಳ ವಿವರವನ್ನೂ ಉಚಿತವಾಗಿ ಒದಗಿಸುತ್ತದೆ. ಪ್ರತಿ ವಿಭಾಗದ ನಿಬಂಧನೆಗಳು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿಯೇ ಇರುತ್ತವೆ. ಸಂದೇಹ ಬಂದರೆ ಆ ವಿಭಾಗಕ್ಕೆ ನೇರವಾಗಿ ಬರೆದು ಕೇಳಬಹುದು. ಚೊಕ್ಕವಾಗಿ ಕೇಳಿದ ಪ್ರಶ್ನೆಗೆ ಸಾಮಾನ್ಯವಾಗಿ ಉತ್ತರ ಬರುತ್ತದೆ.

ಹನ್ನೆರಡನೆಯ ತರಗತಿಯ ವಾಚಕರು ತಮ್ಮ ಮಾತೇ ಬರಲಿಲ್ಲವೆಂದು ಬೇಸರಿಸಬಾರದು. ನಮ್ಮ ಪಿ.ಯು.ಸಿ. ಪ್ರಮಾಣಪತ್ರವೊಂದೇ ಅಲ್ಲಿಯ ಪದವಿ ತರಗತಿಗೆ ನೇರ ಪ್ರವೇಶ ಪಡೆಯಲು ಸಾಮಾನ್ಯವಾಗಿ ಸಾಲದು. ಇಂತಹವರಿಗೆಂದೇ ಒಂದು ವರ್ಷದ ಪೂರ್ವಸಿದ್ಧತಾ ಕಾಲೇಜುಗಳಿವೆ. ಕೊನೆಯಲ್ಲಿ ಒಂದು ಪರೀಕ್ಷೆಯನ್ನೂ ದಾಟಬೇಕು. ಪದವಿಮಟ್ಟದ ಬೋಧನೆ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿಯೇ ನಡೆಯುತ್ತದೆ. ಆದುದರಿಂದ ಆ ವಯಸ್ಸಿನವರಿಗೆ ಅತ್ಯಂತ ಪ್ರಯೋಜನಕರವಾದ ಸಿದ್ಧತೆಯೆಂದರೆ ಭಾಷೆಯನ್ನು ಕಲಿಯುವುದು. ಬೆಂಗಳೂರಿನ ಮ್ಯಾಕ್ಸ್ ಮ್ಯೂಲರ್ ಭವನದಲ್ಲಿ ಅದಕ್ಕೆ ತರಗತಿಗಳಿವೆ.

ನಮ್ಮ ಹುಡುಗ ಆ ವರ್ಷ ಊರಿನ ವಿಶ್ವವಿದ್ಯಾಲಯದಲ್ಲಿಯೇ ಭೌತಶಾಸ್ತ್ರದ ಎಂ.ಎಸ್‌ಸಿ.ಗೆ ಸೇರಿದ. ಅವನ ತಂದೆ ತೋಟವನ್ನು ಒತ್ತೆಯಿಡಲು ಗುರುತುಮಾಡಿದ್ದ ಕಾಗದಗಳನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದರು. ಎರಡು ವರ್ಷ ಒಂದೇ ವಿಷಯವನ್ನು ಓದಿದುದರಿಂದ ಕ್ರೆಡಿಟ್‌ಗಳ ಕೊರತೆ ತಾನಾಗಿ ತುಂಬಿತು. ತೆಳುಪೊರೆಗಳ ವಿದ್ಯುದ್ವಾಹಕತೆಯ ಮೇಲೆ ಒಂದು ಚಿಕ್ಕ ಪ್ರೌಢಪ್ರಬಂಧವನ್ನು ಬರೆದ. ಈಗ ಅವನು ಡಾಕ್ಟರೇಟ್ ಸಂಶೋಧನೆಗೆ ಅರ್ಜಿ ಹಾಕುತ್ತಿದ್ದಾನೆ. ಜರ್ಮನಿಯಲ್ಲಿ ಇಂತಹ ಸಂಶೋಧಕರನ್ನು ಅನೇಕ ಕಡೆ ಸಂಬಳದ ಹುದ್ದೆಯಲ್ಲಿಯೇ ನೇಮಿಸಿಕೊಳ್ಳುತ್ತಾರೆ. ಈ ಸಲ ಐದು ಪ್ರತಿಯ ಒಂದು ಪತ್ರವಲ್ಲ. ಮೂವರು ಪ್ರಾಧ್ಯಾಪಕರಿಗೆ ಮೂರು ಬೇರೆ ಪತ್ರಗಳು. ಒಬ್ಬರಿಂದ ಮೂರು ಸಾಲಿನ ಉತ್ತರ ಬಂದಿದೆ: ಪ್ರಬಂಧದ ನಾಲ್ಕನೆಯ ಚಿತ್ರದಲ್ಲಿ ಅಳತೆಯ ದೋಷವನ್ನು ಹೇಗೆ ಲೆಕ್ಕಹಾಕಿದಿರಿ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಬರೆಯಲು ಅವನಿಗೆ ಒಂದು ವಾರ ಹಿಡಿಯಿತು.

ಅಷ್ಟರಲ್ಲಿ, ತೇರ್ಗಡೆಯ ಅಂಕ ಎಷ್ಟೆಂಬುದನ್ನು ಮುದ್ರೆಯೊತ್ತಿ ಬರೆಸಿಕೊಳ್ಳಲು ಅವನು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋಗಿದ್ದನಂತೆ. ಕನ್ನಡಕವನ್ನು ಹಣೆಗೇರಿಸಿ ಅರ್ಜಿಯನ್ನು ಎರಡು ಸಲ ಓದಿದ ಹಿರಿಯ ಗುಮಾಸ್ತರು, “ಎಷ್ಟು ಬಂತು ಅಂತ ಕೇಳೋಕೆ ದಿನಾ ನೂರು ಜನ ಬರ್ತಾರೆ ಕಣಪ್ಪ. ಎಷ್ಟಕ್ಕೆ ಪಾಸು ಅಂತ ಬರೆಸ್ಕೊಂಡು ಹೋಗೋಕೆ ಬಂದೋನು ನೀನೇ ಮೊದಲು” ಎಂದು ಹೇಳಿ, ಪತ್ರವನ್ನು ಸಿದ್ಧಪಡಿಸಿ, ಮರುದಿನ ಬಂದು ಒಯ್ಯುವಂತೆ ತಿಳಿಸಿದರು.